ಮೋಲದ ಒಳಮೈ

ಮಸರ್‌ದುಪ್ಪು,
೧೧ ಫೆಬ್ರವರಿ ೧೯೯೬

ಒಲೊಸೋಬಿಗೆ,

ನಾನು ಮನಿದಿಲಿ. ಮಸರ್‌ದುಪ್ಪು ದ್ವೀಪದ ಒಂಬತ್ತು ಜೋಲಿಯ ಮನೆಗೆ ಹಿರಿಯಳು. ಈ ಮನೆಯಲ್ಲಿ ಯಾವ ಮೀನು ಯಾವ ಮಡಕೆಗೆ ಎಂಬುದರಿಂದ ಹಿಡಿದು ಯಾವ ಅಳಿಯ ಯಾವ ತೋಟಕ್ಕೆ ಎಂಬುದರವರೆಗೆ ನನ್ನ ಮಾತೇ ನಡೆಯುತ್ತದೆ. ಇಲ್ಲಿನ ಹುಡುಗಿಯರು ಬಣ್ಣದ ಬಟ್ಟೆಯ ಪದರಗಳನ್ನು ಕತ್ತರಿಸಿ ಚಿತ್ರದ ರವಿಕೆ, ನಮ್ಮ ಮೋಲ, ಹೊಲಿಯುವುದನ್ನು ನನ್ನ ಮುಂದೆ ಕೂತೇ ಕಲಿಯಬೇಕು. ನಮ್ಮ ವಯಸ್ಸಿನವರಲ್ಲಿ ಕೊಲೋನ್ ಪಟ್ಟಣದ ಸನ್ಯಾಸಿನಿಯರ ಶಾಲೆಗೆ ಹೋಗಿ ಹೈಸ್ಕೂಲು ಮುಗಿಸಿದ ಹೆಂಗಸು ಈ ಕಡಲಿನಲ್ಲಿ ನಾನೊಬ್ಬಳೇ. ಇದೆಲ್ಲ ನಿನಗೆ ಗೊತ್ತಿದ್ದದ್ದೇ. ಮಾತು ಬಿಟ್ಟು ಹತ್ತೊಂಬತ್ತು ವರ್ಷವಾಯಿತಲ್ಲ, ಮರೆತಿದ್ದೀಯೇನೋ ಎಂದು ಬರೆದೆ.

ವಿಷಯಕ್ಕೆ ಬರುತ್ತೇನೆ. ನನ್ನ ಮೊಮ್ಮಗಳು ಯಾರಿಸೆಲ್‌ಗೆ ಇಪ್ಪತ್ತೊಂದು. ಈವರೆಗೆ ನಮ್ಮ ಗಂಡಸರು ಮದುವೆಗೆಂದು ಇಬ್ಬರು ಹುಡುಗರನ್ನು ಹಿಡಿದು ಹೊತ್ತು ತಂದು ಅವಳ ಜೋಲಿಗೆ ಹಾಕಿದರು. ಮೊದಲನೆಯವನು ಪದ್ಧತಿಯ ಪ್ರಕಾರ ಒಂದು ಸಲ ಓಡಿಹೋದ. ಮತ್ತೆ ಹಿಡಿದು ತಂದರೆ ಇವಳೇ ಅವನಿಗೆ, "ಓಡೋದಾದ್ರೆ ಈಗ್ಲೇ ಓಡು, ಹಿಂದಿನ ಬಾಗ್ಲು ತೆಗ್ದೇ ಇದೆ" ಎಂದಳು. ಎರಡನೆಯವನಿಗೆ, "ಅಣ್ಣಾ, ನಿನ್ ಕಾಲು ನಾರತ್ತೆ" ಎಂದಳಂತೆ. ಅಣ್ಣಾ ಎನ್ನಿಸಿಕೊಂಡ ಮೇಲೆ ಯಾವ ಗಂಡಸು ಜೋಲಿಯಲ್ಲಿ ಉಳಿದಾನು?

ಬೈದು ಕೇಳಿದರೆ ಅವಳಿಗೆ ನಿನ್ನ ಮೊಮ್ಮಗ ಅನೇಲಿಯೊ ಬೇಕಂತೆ. ಅವನನ್ನು ನಾನು ಕಂಡಿದ್ದೇನೆ. ಒಂದು ಮಾತಾಡುವ ಮೊದಲು ಮೂರು ಸಲ ಗಂಟಲು ಸರಿಮಾಡಿಕೊಳ್ಳುತ್ತಾನೆ. ದೋಣಿಯ ಹುಟ್ಟು ಕೆತ್ತಲು ಬರುತ್ತದೆ, ಬೇರೇನೂ ಬಂದಂತೆ ಕಾಣಲಿಲ್ಲ. ಆದರೆ ನನ್ನ ಗಂಡ ಸತ್ತು ಐದು ವರ್ಷವಾಯಿತು. ಅಳಿಯ ಬೆನ್ನು ಮುರಿದುಕೊಂಡು ಕೂತಿದ್ದಾನೆ. ಆಚೆದಡದ ತೋಟದಲ್ಲಿ ಬಾಳೆಗಿಂತ ಕಳೆಯೇ ಎತ್ತರವಾಗಿದೆ. ಈ ಮನೆಗೆ ಗಂಡಾಳು ಬೇಕು, ಹುಡುಗಿಗೆ ಅವನೇ ಬೇಕು. ನನಗೆ ಬೇಕಾದದ್ದನ್ನು ಯಾರೂ ಕೇಳಿಲ್ಲ.

ನಿಮ್ಮ ಮನೆಯಲ್ಲಿ ನಿನ್ನ ಮಾತು ಮೀರುವವರಿಲ್ಲ ಎಂದು ಕೇಳಿದ್ದೇನೆ. ಒಪ್ಪಿಗೆ ಕಳಿಸು. ಯಾವ ದಿನ ಗಂಡಸರನ್ನು ಕಳಿಸಲಿ ಎಂಬುದನ್ನೂ ತಿಳಿಸು.

ಮನಿದಿಲಿ


ಸಿಗ್ವಿದುಪ್ಪು,
೩ ಮಾರ್ಚ್ ೧೯೯೬

ಮನಿದಿಲಿ,

ನಂಗೆ ಓದೋಕೆ ಬರಿಯೋಕೆ ಬರಲ್ಲ. ಅದು ನಿಂಗೆ ಗೊತ್ತು, ಅದಕ್ಕೇ ಅಲ್ವೇನೇ ಅಷ್ಟುದ್ದ ಬರೆದದ್ದು. ನಿನ್ನ ಕಾಗ್ದ ಓದಿದ್ದೂ ಅನೇಲಿಯೊನೇ, ಇದನ್ನ ಬರೀತಿರೋದೂ ಅವನೇ. ಗಂಟಲು ಸರಿಮಾಡ್ಕೋತಾನೆ ಅಂತ ನೀನು ಬರೆದಿದ್ಯಲ್ಲ, ಅದನ್ನ ಓದೋಕ್ ಮುಂಚೆ ಮೂರು ಸಲ ಗಂಟಲು ಸರಿಮಾಡ್ಕೊಂಡ.

ಮರೆತಿದ್ದೀಯೇನೋ ಅಂತ ಕೇಳ್ತೀಯ. ನಾನು ಮರೆತಿಲ್ಲ, ನೀನು ಮರೆತ್ಯಾ ಅಂತ ನಾನು ಕೇಳ್ತೀನಿ. ಅವತ್ತು ನಿನ್ನ ಕಿರೀ ಮಗಳ ಕೂದ್ಲು ಕತ್ತರಿಸೋ ಹಬ್ಬ. ಏಳು ಊರಿನ ಹೆಂಗಸ್ರು ಕೂತಿದ್ರು. ನಾನು ನಮ್ಮಮ್ಮ ಹೊಲ್ದ ದೋಣಿ ಚಿತ್ರದ ಮೋಲ ತೊಟ್ಕೊಂಡು ಬಂದೆ, ಕಬ್ಬಿನ ಹೆಂಡದ ಸೋರೆಬುರುಡೆ ಬಾಯಿಗಿಟ್ಟಿದ್ದೆ. ನೀನು ಎದ್ದು ನಿಂತು ಅಷ್ಟು ಜನರ ಮುಂದೆ ಏನಂದೆ? "ನಮ್ಮಮ್ಮನ ಕೈಯಿಂದ ಕದ್ದ ಚಿತ್ರ ಮೈಮೇಲೆ ಹಾಕ್ಕೊಂಡು ನಮ್ಮನೇ ಹೆಂಡ ಕುಡಿಯೋಕೆ ನಾಚ್ಕೆ ಆಗಲ್ವಾ" ಅಂದೆ. ನಾನು ಬುರುಡೆ ಕೆಳಗಿಟ್ಟೆ. ಬಾಯಲ್ಲಿದ್ದಿದ್ನ ನುಂಗಲೂ ಇಲ್ಲ, ನಿಮ್ಮನೆ ಮರಳಿಗೆ ಉಗುದು ದೋಣಿ ಹತ್ತಿದೆ. ಅದಕ್ಕಿಂತ ಮುಂಚೆ ನಾವಿಬ್ರೂ ಒಂದೇ ಮಡಕೇಲಿ ತಿಂದೋರು.

ಹುಡುಗ ಬೇಕಾ? ಕೊಡ್ತೀನಿ. ನಿಮ್ಮೂರ ಸಭೆಮನೇಲಿ ಎದ್ದು ನಿಂತ್ಕೊಂಡು, ಅವತ್ತು ಆಡಿದ್ದು ಸುಳ್ಳು ಅನ್ನು. ಕೂತ್ಕೊಂಡು ಗೊಣಗಿದ್ರೆ ಲೆಕ್ಕಕ್ಕಿಲ್ಲ. ಆಮೇಲೆ ಬಂದು ಎತ್ಕೊಂಡು ಹೋಗ್ಲಿ ನಿಮ್ಮೋರು. ಅಲ್ಲೀವರ್ಗೂ ಒಬ್ಬ ಈ ದಡಕ್ಕೆ ಕಾಲಿಟ್ರೂ ಹುಟ್ಟು ತಗೊಂಡು ಬಡೀತೀನಿ. ಹುಟ್ಟು ನಮ್ಮನೇಲಿ ಬೇಕಾದಷ್ಟಿದೆ, ನೀನೇ ಬರೆದಿದ್ಯಲ್ಲ.

ಒಲೊಸೋಬಿ

(ಅಜ್ಜಿ ಹೇಳಿದ್ದನ್ನು ಹೇಳಿದಂತೆಯೇ ಬರೆದಿದ್ದೇನೆ, ಕ್ಷಮಿಸಬೇಕು. ಯಾರಿಸೆಲ್ ಕ್ಷೇಮವೇ? ಅನೇಲಿಯೊ.)


ಮಸರ್‌ದುಪ್ಪು,
೨೦ ಮಾರ್ಚ್ ೧೯೯೬

ಒಲೊಸೋಬಿಗೆ,

ಕ್ಷೇಮ ವಿಚಾರಿಸಿದ ಸಾಲನ್ನು ನಾನು ಯಾರಿಸೆಲ್‌ಗೆ ಓದಿ ಹೇಳಲಿಲ್ಲ. ನನ್ನ ಹೆಗಲ ಮೇಲಿಂದ ಅವಳೇ ಇಣುಕಿ ಓದಿಕೊಂಡಳು. ಆಮೇಲೆ ಸಂಜೆಯವರೆಗೆ ಮೀನು ಸುಟ್ಟು ಕರಿಮಾಡಿದಳು, ತೆಂಗಿನಹಾಲು ಒಡೆಸಿದಳು.

ಸುಳ್ಳು ಎನ್ನಬೇಕಂತೆ. ಸುಳ್ಳಾಗಿದ್ದರೆ ಹೇಳಬಹುದಿತ್ತು. ಆ ಚಿತ್ರ ಏನೆಂದು ನಿನಗೆ ಗೊತ್ತೇ? ನಿನ್ನ ತಾಯಿಗಾದರೂ ಗೊತ್ತಿತ್ತೇ? ಅದು ಸತ್ತವರ ದೋಣಿ. ನೆಲದ ಕೆಳಗಿನ ಎಂಟು ಪದರಗಳನ್ನು ದಾಟಲು ಆತ್ಮ ಹತ್ತುವ ದೋಣಿ. ಮೇಲಿರುವುದು ಆ ಲೋಕದ ಸೂರ್ಯ. ಅಂಚಿನಲ್ಲಿ ಐದು ಆಕಾರಗಳಿವೆ: ಕೊಕ್ಕೆ, ಗುಡಾರ, ಅವಳಿ ಬೆಟ್ಟ, ಬಳೆ, ಏಣಿ. ಕೊಕ್ಕೆಯಿಂದ ದೋಣಿ ಎಳೆಯುತ್ತಾರೆ, ಗುಡಾರದಲ್ಲಿ ತಂಗುತ್ತಾರೆ, ಬೆಟ್ಟ ದಾಟುತ್ತಾರೆ, ಕಾವಲುಗಾರನಿಗೆ ಬಳೆ ಕೊಡುತ್ತಾರೆ, ಏಣಿ ಹತ್ತುತ್ತಾರೆ. ಈ ಅರ್ಥವನ್ನು ನಾನೇ ಸಭೆಮನೆಯಲ್ಲಿ ಬಿಡಿಸಿ ಹೇಳಿದ್ದೇನೆ. ನಮ್ಮ ಮುಖಂಡ, ಸಾಯ್ಲ, ಜೋಲಿಯಲ್ಲಿ ಮಲಗಿದ್ದವರು ತಲೆಯೆತ್ತಿ ಕೇಳಿದರು. ಕ್ಯಾಮೆರಾ ನೇತುಹಾಕಿಕೊಂಡು ಬಂದ ಒಬ್ಬ ಬಿಳಿಯ ಹೆಂಗಸು ಅದನ್ನೆಲ್ಲ ಬರೆದುಕೊಂಡು ಹೋದಳು.

ನಮ್ಮಮ್ಮ ಬದುಕಿದ್ದಾಗಲೇ ನನಗೆ ತೊಡಿಸಿದ ಮೋಲದಲ್ಲಿ ಈ ಐದೂ ತಮ್ಮ ತಮ್ಮ ಜಾಗದಲ್ಲಿವೆ, ಎದೆಯ ಮೇಲೆ ಮೂರು, ಬೆನ್ನಿಗೆ ಎರಡು. ನಿನ್ನ ತಾಯಿ ಅರ್ಥ ತಿಳಿಯದೆ ಐದನ್ನೂ ಒಂದೇ ಸಾಲಿಗೆ ತುರುಕಿದ್ದಳು. ಹಬ್ಬದ ದಿನ ದೂರದಿಂದಲೇ ನನಗದು ಕಂಡಿತ್ತು. ಕದ್ದವರ ಕೈ ಹಾಗೇ ಅವಸರದಲ್ಲಿರುತ್ತದೆ.

ಮೋಲದ ಹೊರಮೈ ನೋಡಿ ಬಾಯಿ ತೆರೆಯುವುದು ಹಡಗಿನಿಂದ ಇಳಿಯುವವರ ಕೆಲಸ. ಬಲ್ಲವರು ಒಳಮೈ ತಿರುಗಿಸುತ್ತಾರೆ. ಹೊರಗೆ ಬಣ್ಣ ಕಣ್ಣು ಕಟ್ಟುತ್ತದೆ, ಒಳಗೆ ಹೊಲಿಗೆಯ ಗೆರೆ ಬಿಟ್ಟರೆ ಬೇರೇನೂ ಇರುವುದಿಲ್ಲ. ನಿನ್ನ ತಾಯಿಯದ್ದನ್ನು ನನ್ನ ಕೈಗೆ ಕೊಡುವ ಧೈರ್ಯ ನಿಮ್ಮ ಮನೆಯಲ್ಲಿ ಯಾರಿಗೂ ಬರಲಿಲ್ಲ, ಗಮನಿಸಿದ್ದೇನೆ.

ಮನಿದಿಲಿ


ಸಿಗ್ವಿದುಪ್ಪು,
೧೪ ಏಪ್ರಿಲ್ ೧೯೯೬

ಮನಿದಿಲಿ,

ತಗೋ. ಹಿಟ್ಟಿನ ಚೀಲದಲ್ಲಿ ಸುತ್ತಿ ಕಳಿಸಿದೀನಿ. ಇದೇ ಆ ಮೋಲ. ತಿರುಗಿಸು, ಬಿಚ್ಚು, ಮೂಸಿ ನೋಡು, ಏನು ಬೇಕಾದ್ರೂ ಮಾಡು.

ಇದು ಇನ್ನೂ ನನ್ನ ಹತ್ರ ಯಾಕಿದೆ ಅಂತ ನೀನು ಯೋಚ್ನೆ ಮಾಡಿಲ್ಲ ಅಲ್ವಾ? ಹೆಂಗಸು ಸತ್ರೆ ಅವಳ ಒಳ್ಳೇ ಮೋಲ ಅವಳ ಮೈಮೇಲೇ ಹೋಗ್ಬೇಕು. ನಮ್ಮಮ್ಮ ಹೊಲ್ದಿದ್ರಲ್ಲೆಲ್ಲ ಒಳ್ಳೇದು ಇದೇನೇ. ನಾನವತ್ತು ನಿಮ್ಮೂರಿಂದ ಬಂದು ನೀನಂದಿದ್ದು ಹೇಳ್ದೆ. ಹೇಳ್ಬಾರ್ದಿತ್ತು. ಅವಳು ಇದನ್ನ ಮಡಚಿ ಪೆಟ್ಟಿಗೆ ತಳಕ್ಕೆ ಹಾಕಿದ್ಲು. ಮುಂದಿನ ಮಳೆಗಾಲದಲ್ಲಿ ಸಾಯೋ ಮುಂಚೆ, "ಸೋಬಿ, ಅದನ್ನ ನಂಗೆ ಹಾಕ್ಬೇಡ, ಕದ್ದಿದ್ದು ಹಾಕ್ಕೊಂಡು ಬಂದ್ಲು ಅಂತ ಅಲ್ಲೂ ಯಾರಾದ್ರೂ ಅಂದಾರು" ಅಂದ್ಲು. ಯಾವ್ದೋ ಹಳೇ ಹಸಿರು ಮೋಲ ಹಾಕಿ ಹೂತ್ವಿ.

ನಿನ್ನ ಕೈಗೆ ಕೊಡೋ ಧೈರ್ಯ ಇರ್ಲಿಲ್ಲ ಅಂತೀಯ. ಧೈರ್ಯ ಇತ್ತು ಕಣೇ. ಕೊಡೋಕೆ ಮನಸ್ಸಿರ್ಲಿಲ್ಲ.

ಒಲೊಸೋಬಿ

(ಇದನ್ನು ಹೇಳಿ ಮುಗಿಸಿದ ಮೇಲೆ ಅಜ್ಜಿ ಎದ್ದು ಹೋದಳು. ನಾನೇ ಮಡಚಿ ಚೀಲಕ್ಕೆ ಹಾಕಿದೆ. ತೋಳಿನ ಹತ್ತಿರ ಬಟ್ಟೆ ಜೀರ್ಣವಾಗಿದೆ, ಜೋಪಾನ. ಅನೇಲಿಯೊ.)


ಮಸರ್‌ದುಪ್ಪು,
೨೯ ಏಪ್ರಿಲ್ ೧೯೯೬

ಒಲೊಸೋಬಿಗೆ,

ಮೋಲ ತಲುಪಿತು. ಬಾಗಿಲಿಗೆ ಎದುರಾಗಿ, ಬೆಳಕಿನಲ್ಲಿ ಕೂತು ಒಳಮೈ ತಿರುಗಿಸಿದೆ.

ಹೊಲಿಗೆಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಕೆಟ್ಟದಾಗಿಲ್ಲ. ನನ್ನ ಹುಡುಗಿಯರಲ್ಲಿ ಇಬ್ಬರು ಮೂವರಿಗೆ ತೋರಿಸಬಹುದು. ಅಂಚಿನ ತಿರುವಿನಲ್ಲಿ ದಾರ ಸ್ವಲ್ಪ ಬಿಗಿಯಾಗಿದೆ.

ಇನ್ನು ಆ ಐದು ಆಕಾರಗಳು. ಹೊರಗಿನಿಂದ ಕೊಕ್ಕೆ, ಗುಡಾರ ಎಂದು ಕಾಣುವುದನ್ನು ಒಳಗಿನಿಂದ ನೋಡಿದರೆ ಅದು ಕೊಕ್ಕೆಯೂ ಅಲ್ಲ, ಗುಡಾರವೂ ಅಲ್ಲ. ಎಡದಿಂದ ಬಲಕ್ಕೆ ಸಾಲಾಗಿ ಐದು ಅಕ್ಷರ. ಸ್ಪ್ಯಾನಿಷ್. ಶಾಲೆಗೆ ಹೋದವಳಾದ್ದರಿಂದ ನನಗೆ ಓದಲು ಬಂತು. ಜೆ, ಎ, ಬಿ, ಒ, ಎನ್: ಹಾಬೋನ್ ಎಂದಿದೆ. ಬಟ್ಟೆ ಒಗೆಯುವ ಸೋಪು.

ನಿನ್ನ ತಾಯಿ ಯಾವುದೋ ಅಂಗಡಿಯ ಸೋಪಿನ ಪೆಟ್ಟಿಗೆ ನೋಡಿ ಅದರ ಮೇಲಿದ್ದ ಅಕ್ಷರಗಳನ್ನು ಹಿಂದುಮುಂದಾಗಿ ಹೊಲಿದಿದ್ದಾಳೆ. ಇಂಥದ್ದನ್ನು ತೊಟ್ಟು ನೀನು ಏಳು ಊರಿನ ಹೆಂಗಸರ ನಡುವೆ ಎದೆಯುಬ್ಬಿಸಿ ಕೂತಿದ್ದೆ. ನಾನು ಕಳ್ಳತನ ಎಂದು ದೊಡ್ಡ ಮಾತಾಡಿದ್ದೇ ತಪ್ಪಾಯಿತು, ಸೋಪು ಎಂದು ನಕ್ಕು ಸುಮ್ಮನಾಗಬಹುದಿತ್ತು. ಸತ್ತವರ ದೋಣಿಯ ಪಕ್ಕ ಸೋಪಿನ ಹೆಸರು ಬರೆಯುವವಳಿಗೆ ದೋಣಿ ಎಲ್ಲಿಂದ ಬಂತು ಎಂಬುದೂ ಈಗ ಸ್ಪಷ್ಟವಾಯಿತು. ದೋಣಿ ನಮ್ಮಮ್ಮನದು, ಸೋಪು ನಿನ್ನ ತಾಯಿಯದು.

ಸಭೆಮನೆಯಲ್ಲಿ ಎದ್ದು ನಿಲ್ಲು ಎಂದೆಯಲ್ಲ. ಬೇಕಾದರೆ ನಿಲ್ಲುತ್ತೇನೆ, ಇದನ್ನು ಕೈಯಲ್ಲಿ ಹಿಡಿದು ಓದುತ್ತೇನೆ. ಅದು ಬೇಡವಾದರೆ ಷರತ್ತು ಬಿಟ್ಟು ಹುಡುಗನನ್ನು ಕಳಿಸು. ಯೋಚಿಸಿ ತಿಳಿಸು. ಅಲ್ಲಿಯವರೆಗೆ ಮೋಲ ನನ್ನಲ್ಲೇ ಇರುತ್ತದೆ.

ಮನಿದಿಲಿ


ಸಿಗ್ವಿದುಪ್ಪು,
೧೯ ಮೇ ೧೯೯೬

ಮನಿದಿಲಿ,

ಓದು ಹೋಗು. ಸೋಪಾದ್ರೆ ಸೋಪು. ನಮ್ಮಮ್ಮಂಗೆ ಅಕ್ಷರ ಗೊತ್ತಿರ್ಲಿಲ್ಲ, ನಂಗೂ ಗೊತ್ತಿಲ್ಲ. ಚೆಂದ ಕಾಣ್ತು, ಹೊಲ್ದಳು. ಇದು ಎಂಟು ಪದರದ ಕೆಳಗಿನ ದೋಣಿ ಅಂತ ಅವಳು ಒಂದಿನಾನೂ ಯಾರಿಗೂ ಹೇಳಿರ್ಲಿಲ್ಲ. ಹೇಳಿದ್ದು ನೀನು.

ಒಂದು ಮಾತು. ನಮ್ಮಮ್ಮ ನಿಮ್ಮಮ್ಮ ಇಬ್ರೂ ಆಚೆದಡದ ಹೊಳೆ ಬಾಯಲ್ಲಿ ಒಟ್ಟಿಗೇ ಬಟ್ಟೆ ಒಗೀತಿದ್ರು. ನೀನು ಕೊಲೋನಿನಲ್ಲಿ ಸನ್ಯಾಸಿನಿಯರ ಹತ್ರ ಓದ್ತಿದ್ದೆ, ನಿಂಗೆ ಗೊತ್ತಿಲ್ಲ. ನಾನು ಅಲ್ಲೇ ಇದ್ದೆ, ಕಲ್ಲಿನ ಮೇಲೆ ಕೂತ್ಕೊಂಡು ನಿಮ್ಮಮ್ಮ ಕೊಟ್ಟ ಸುಟ್ಟ ಬಾಳೆಕಾಯಿ ತಿಂತಿದ್ದೆ. ತೆಂಗಿನಕಾಯಿ ಕೊಳ್ಳೋಕೆ ಬರೋ ಕೊಲಂಬಿಯಾದೋರ ದೋಣೀಲಿ ಒಂದು ಸೋಪಿನ ಪೆಟ್ಟಿಗೆ ಬಂದಿತ್ತು. ಇಬ್ರೂ ಸೇರಿ ತಗೊಂಡಿದ್ರು. ಮೇಲೆ ಏನಿತ್ತೋ ನಂಗೆ ನೆನಪಿಲ್ಲ.

ನಮ್ಮಮ್ಮಂದು ಓದಾಯ್ತಲ್ಲ. ನಿಮ್ಮಮ್ಮಂದೂ ತಿರುಗಿಸಿ ನೋಡು. ನಿಂಗೆ ಓದೋಕೆ ಬರತ್ತಲ್ಲ.

ಒಲೊಸೋಬಿ

(ಕೊಲಂಬಿಯಾದವರ ದೋಣಿಯಲ್ಲಿ ಕೆಲಸಕ್ಕೆ ಬಾ ಎಂದು ಕರೆದಿದ್ದಾರೆ. ಜುಲೈ ಮೊದಲ ವಾರ ಹೊರಡುತ್ತದೆ. ಹೋದವರು ಎರಡು ವರ್ಷಕ್ಕೆ ಮೊದಲು ಬರುವುದಿಲ್ಲ. ಅಜ್ಜಿ ಹೋಗು ಎಂದೂ ಹೇಳುತ್ತಿಲ್ಲ, ಬೇಡ ಎಂದೂ ಹೇಳುತ್ತಿಲ್ಲ. ಇದನ್ನು ಯಾರಿಸೆಲ್‌ಗೆ ತಿಳಿಸಿದರೆ ಉಪಕಾರವಾಗುತ್ತದೆ. ಅನೇಲಿಯೊ.)


ಮಸರ್‌ದುಪ್ಪು,
೩೦ ಜೂನ್ ೧೯೯೬

ಒಲೊಸೋಬಿಗೆ,

ನಲವತ್ತು ದಿನ ಬರೆಯಲಿಲ್ಲ. ಸೋತು ಸುಮ್ಮನಾದಳು ಎಂದು ನೀನು ನಿಮ್ಮ ಹೆಂಗಸರ ಹತ್ತಿರ ಹೇಳಿಕೊಂಡಿರಬಹುದು. ಹೇಳಿಕೊಂಡಿದ್ದರೆ ತಪ್ಪಿಲ್ಲ.

ನಿನ್ನ ಕಾಗದ ಬಂದ ದಿನವೇ ನಮ್ಮಮ್ಮನ ಮೋಲವನ್ನು ಪೆಟ್ಟಿಗೆಯಿಂದ ತೆಗೆಯಬಹುದಿತ್ತು. ಎಂಟು ದಿನ ತೆಗೆಯಲಿಲ್ಲ. ಒಬ್ಬ ಅನಕ್ಷರಸ್ಥೆ ಹೇಳಿದ ಮಾತ್ರಕ್ಕೆ ನಾನೇಕೆ ತಿರುಗಿಸಬೇಕು ಎಂದುಕೊಂಡೆ. ಅವಮಾನಕ್ಕೆ ಹೆದರುವವರು ತಮ್ಮ ಹೆದರಿಕೆಗೆ ಇಡುವ ಹೆಸರು ಇದು.

ಯಾರಿಸೆಲ್ ನನ್ನನ್ನು ಕೇಳದೆ ತೆಗೆದಳು. ಎರಡೂ ಮೋಲಗಳನ್ನು ಒಳಮೈ ಮೇಲಾಗಿ ಚಾಪೆಯ ಮೇಲೆ ಹಾಸಿ, "ಅಜ್ಜಿ, ಬಾ ಇಲ್ಲಿ" ಎಂದಳು. ಮನೆಯಲ್ಲಿ ಯಾರೂ ನನ್ನನ್ನು ಹಾಗೆ ಅಪ್ಪಣೆ ಮಾಡಿ ಕರೆಯುವುದಿಲ್ಲ. ಹೋದೆ. ನಮ್ಮಮ್ಮನ ಮೋಲದ ಮುಂಭಾಗದಲ್ಲಿ ಮೂರು ಅಕ್ಷರ, ಬೆನ್ನಿನಲ್ಲಿ ಎರಡು. ಅದೇ ಅಕ್ಷರಗಳು, ಅದೇ ಅಳತೆ, ಅದೇ ಓರೆ. ಒಂದೇ ಪೆಟ್ಟಿಗೆಯ ಮುಚ್ಚಳ ನೋಡಿ ಇಬ್ಬರೂ ಕತ್ತರಿಸಿದ್ದಾರೆ. ನಮ್ಮಮ್ಮ ಜಾಗ ತುಂಬಲು ಚೆದುರಿಸಿದಳು, ನಿನ್ನ ತಾಯಿ ಇದ್ದಂತೆಯೇ ಸಾಲಾಗಿ ಇಟ್ಟಳು. ಅಷ್ಟೇ ವ್ಯತ್ಯಾಸ. ಆ ದೋಣಿ ಸೋಪಿನ ಕಂಪನಿಯ ಹಡಗು. ಮೇಲಿರುವ ಸೂರ್ಯ ಬಹುಶಃ ಬಟ್ಟೆ ಒಣಗಿಸುವ ಸೂರ್ಯ.

ಯಾರು ಮೊದಲು ಹೊಲಿದರೆಂದು ಹೊಲಿಗೆ ಹೇಳುವುದಿಲ್ಲ. ಯಾರೂ ಯಾರಿಂದಲೂ ಕದಿಯಲಿಲ್ಲ ಎಂದು ಮಾತ್ರ ಹೇಳುತ್ತದೆ.

ಇನ್ನು ನನ್ನ ವಿಷಯ. ನಮ್ಮಿಬ್ಬರ ತಾಯಂದಿರಿಗೆ ಓದಲು ಬರುತ್ತಿರಲಿಲ್ಲ, ಅವರದು ತಪ್ಪಲ್ಲ. ನನಗೆ ಬರುತ್ತಿತ್ತು. ಹೈಸ್ಕೂಲು ಮುಗಿಸಿದವಳು ಆ ಮೋಲವನ್ನು ಎದೆಯ ಮೇಲೆ ಹಾಕಿಕೊಂಡು ಊರೆಲ್ಲ ಓಡಾಡಿದಳು. ಚೆದುರಿದ್ದರಿಂದ ಓದಲಾಗಲಿಲ್ಲ ಎನ್ನುವುದು ನೆಪ. ಎಲ್ಲರಿಗೂ ಒಳಮೈ ತಿರುಗಿಸಿ ಎಂದು ಪಾಠ ಹೇಳಿದವಳು ತನ್ನದನ್ನು ಒಂದು ಸಲವೂ ತಿರುಗಿಸಿ ಓದಲಿಲ್ಲ. ಕೊಕ್ಕೆಗೆ ಒಂದು ಕಥೆ, ಏಣಿಗೆ ಒಂದು ಕಥೆ ಕಟ್ಟಿದಳು. ಆ ಕಥೆಯನ್ನು ಸಾಕ್ಷಿ ಮಾಡಿಕೊಂಡು ಒಬ್ಬ ಮುದುಕಿಯನ್ನು ಕಳ್ಳಿ ಎಂದಳು. ನಾನು ಜೀವನದಲ್ಲಿ ಅನೇಕ ಪೆದ್ದರನ್ನು ಕಂಡಿದ್ದೇನೆ, ಅವರನ್ನು ಮುಖದ ಮೇಲೆಯೇ ಬೈದಿದ್ದೇನೆ. ಇವಳಷ್ಟು ಓದಿದ ಪೆದ್ದಿಯನ್ನು ಕಂಡಿರಲಿಲ್ಲ.

ಮೊನ್ನೆ ಹೆಂಗಸರ ಸಭೆಯಿತ್ತು. ಸಾಯ್ಲ ಜೋಲಿಯಲ್ಲಿ ಮಲಗಿ ಹಾಡು ಹೇಳುತ್ತಿದ್ದರು, ಎಲ್ಲರೂ ತೊಡೆಯ ಮೇಲೆ ಹೊಲಿಗೆ ಇಟ್ಟುಕೊಂಡು ಕೂತಿದ್ದರು. ನಾನು ನಮ್ಮಮ್ಮನ ಮೋಲವನ್ನು ಒಳಮೈ ಹೊರಗಾಗಿ ತೊಟ್ಟುಕೊಂಡು ಹೋದೆ. ಬಾಗಿಲಲ್ಲೇ ನನ್ನ ನಾದಿನಿ ಕೈ ಹಿಡಿದು, "ಅತ್ಗೆ, ಮೋಲ ಉಲ್ಟಾ ಹಾಕ್ಕೊಂಡಿದ್ದೀಯ" ಎಂದು ಕಿವಿಯಲ್ಲಿ ಪಿಸುಗುಟ್ಟಿದಳು. ಗೊತ್ತು ಎಂದೆ. ನಿನ್ನ ತಾಯಿಯ ಮೋಲವನ್ನು ಸರಿಯಾಗಿ, ಹೊರಮೈ ಕಾಣುವಂತೆ ಎರಡು ಕೈಯಲ್ಲಿ ಹಿಡಿದುಕೊಂಡು ನಡುವೆ ನಿಂತೆ. ಹಾಡು ನಿಂತಿತು.

ಹತ್ತೊಂಬತ್ತು ವರ್ಷದ ಹಿಂದೆ ಈ ಮೋಲದ ಬಗ್ಗೆ, ಇದನ್ನು ಹೊಲಿದವಳ ಬಗ್ಗೆ ನಾನು ಹೇಳಿದ್ದು ಸುಳ್ಳು ಎಂದೆ. ದೋಣಿಯ ಅರ್ಥ ಎಂದು ನಾನು ಹೇಳಿದ್ದೂ ಸುಳ್ಳು ಎಂದೆ. ಅದೇನೆಂದು ಓದಿ ಹೇಳಿದೆ. ಬೆರಳಿಟ್ಟು ಒಂದೊಂದೇ ಅಕ್ಷರ, ಮೊದಲು ನನ್ನ ಎದೆಯ ಮೇಲಿನದು, ಆಮೇಲೆ ತಿರುಗಿ ನಿಂತು ಬೆನ್ನಿನದು. ಬೆನ್ನಿನದನ್ನು ಯಾರಿಸೆಲ್ ಬೆರಳಿಟ್ಟು ಓದಿದಳು.

ಯಾರೂ ನಗಲಿಲ್ಲ. ನಕ್ಕಿದ್ದರೆ ಸುಲಭವಾಗುತ್ತಿತ್ತು. ಕೊನೆಗೆ ಸಾಯ್ಲ ಜೋಲಿಯಿಂದಲೇ, "ಅಲ್ಲಮ್ಮ ಮನಿದಿಲಿ, ಹೋಗೋ ಆತ್ಮಗಳೂ ಕೊಳಕೇ ಇರತ್ವೆ. ಎಂಟು ಪದರ ದಾಟೋಕೆ ಒಂದು ಸೋಪು ಇದ್ರೆ ಬೇಡ ಅನ್ನಲ್ಲ" ಎಂದರು. ಆಗ ನಕ್ಕರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಮೂಲೆಯಿಂದ ಯಾವಳೋ, "ಇಷ್ಟ್ ವರ್ಷ ನಮ್ಗೆ ಚೆನ್ನಾಗೇ ಸೋಪು ಹಚ್ಚಿದ್ಲು" ಎಂದಳು. ಯಾರೆಂದು ಗೊತ್ತಿದೆ, ಅವಳ ಹೊಲಿಗೆಯ ಬಗ್ಗೆ ಮುಂದಿನ ಸಭೆಯಲ್ಲಿ ಮಾತಾಡುತ್ತೇನೆ.

ಸಭೆ ಮುಗಿಯುವವರೆಗೆ ನಾನು ನಿಂತೇ ಇದ್ದೆ. ಕೂತು ಗೊಣಗಿದರೆ ಲೆಕ್ಕಕ್ಕಿಲ್ಲ ಎಂದು ನೀನು ಬರೆಸಿದ್ದೆ. ನಿಮ್ಮೂರಿನ ಇಬ್ಬರು ಹೆಂಗಸರು ಅಲ್ಲಿದ್ದರು, ಕೇಳಿಕೋ.

ನಿನ್ನ ತಾಯಿಯ ಮೋಲವನ್ನು ಈ ಕಾಗದದ ಜೊತೆಗೇ ಕಳಿಸಿದ್ದೇನೆ. ತೋಳಿನ ಬಳಿ ಜೀರ್ಣವಾಗಿದ್ದ ಕಡೆ ಹೊಸ ಬಟ್ಟೆ ಕೊಟ್ಟು ಹೊಲಿದಿದ್ದೇನೆ. ಗೋರಿ ತೋಡಿ ತೊಡಿಸಲು ಆಗುವುದಿಲ್ಲ. ನಿಮ್ಮ ಗೋರಿಗಳ ಮೇಲೆ ಸೂರು ಹಾಕುತ್ತೀರಲ್ಲ, ಅವಳ ಸೂರಿನ ಕೆಳಗೆ ನೇತುಹಾಕು. ಬಿಸಿಲು, ಉಪ್ಪುಗಾಳಿಗೆ ಹಾಳಾಗುತ್ತದೆ ಎಂದು ಜಿಪುಣತನ ಮಾಡಬೇಡ. ಅದು ಅವಳದು.

ನಿನ್ನ ಷರತ್ತು ತೀರಿತು. ನಿನ್ನ ಉತ್ತರಕ್ಕೆ ಕಾಯಲಿಲ್ಲ. ಕೊಲಂಬಿಯಾದವರ ದೋಣಿ ನನಗಾಗಿ ಕಾಯುತ್ತದೆಯೇ? ನಿನ್ನೆ ಮಧ್ಯಾಹ್ನ ಆಚೆದಡದ ಹೊಳೆಬಾಯಿಯಲ್ಲಿ ಅನೇಲಿಯೊ ನೀರು ತುಂಬಿಸುತ್ತಿದ್ದ. ನಮ್ಮ ಮನೆಯ ನಾಲ್ವರು ಗಂಡಸರು ಹೋಗಿ ಹಿಡಿದರು. ಈ ಕಾಗದವನ್ನು ನಿನಗೆ ಬೇರೆ ಯಾರೋ ಓದಿ ಹೇಳುತ್ತಿರುವುದು ಅದಕ್ಕೇ. ಕೈಕಾಲು ಹಿಡಿದು ಹೊತ್ತು ತರುವುದು ಪದ್ಧತಿ, ಹಿಡಿಸಿಕೊಂಡವನು ಒದ್ದಾಡುವುದೂ ಪದ್ಧತಿ. ಇವನು ಒದ್ದಾಡಲಿಲ್ಲ. "ನೀರಿನ ಡಬ್ಬ ಅಜ್ಜಿಗೆ ಮುಟ್ಟಿಸಿ ಬರ್ತೀನಿ ಅಣ್ಣಾ, ಒಂದು ಗಳಿಗೆ" ಎಂದನಂತೆ. ನಮ್ಮವರಿಗೇ ನಾಚಿಕೆಯಾಗಿದೆ. ಡಬ್ಬವನ್ನು ಅವರಲ್ಲೊಬ್ಬ ನಿಮ್ಮ ದಡಕ್ಕೆ ಮುಟ್ಟಿಸಿದ, ಇಷ್ಟರಲ್ಲಿ ನಿನಗೆ ತಲುಪಿರಬೇಕು.

ಜೋಲಿಗೆ ಹಾಕಿದರು. ಯಾರಿಸೆಲ್ ಅವನ ಕಾಲಿನ ವಿಷಯ ಏನೂ ಹೇಳಲಿಲ್ಲ. ಮರ್ಯಾದೆಗಾದರೂ ಒಂದು ಸಲ ಓಡಿಹೋಗುತ್ತಾನೆ ಎಂದು ಹಿಂದಿನ ಬಾಗಿಲು ತೆಗೆದಿಡಿಸಿದ್ದೆ. ಎದ್ದು ಹೋಗಿ ಅವನೇ ಅದನ್ನು ಹಾಕಿ ಬಂದ.

ಇವತ್ತು ಬೆಳಿಗ್ಗೆ ಆಚೆದಡಕ್ಕೆ ಹೋಗಿ ಸೌದೆ ಕಡಿದು ತಂದು ನನ್ನ ಒಲೆಯ ಪಕ್ಕ ಇಳಿಸಿದ. ಅಳಿಯನಾಗುವವನು ತರಬೇಕಾದ ಮೊದಲ ಹೊರೆ. ಮೂರು ಸಲ ಗಂಟಲು ಸರಿಮಾಡಿಕೊಂಡು, "ಸಾಕಾ ಅಜ್ಜಿ?" ಎಂದು ಕೇಳಿದ. ಕಟ್ಟು ಓರೆ. ಉದ್ದ ಒಂದರಂತೆ ಒಂದಿಲ್ಲ. ಅರ್ಧಕ್ಕರ್ಧ ಹಸಿ. ಬೇಡ ಎನ್ನುವುದಿದ್ದರೆ ಆಗಲೇ ಹೊರಗೆ ಎಸೆಯಬೇಕಿತ್ತು.

ಒಲೆಗೆ ಹಾಕಿದ್ದೇನೆ. ಬಹಳ ಹೊಗೆ ಬರುತ್ತಿದೆ, ಆದರೂ ಉರಿಯುತ್ತಿದೆ.

ಮನಿದಿಲಿ